ಗಾಳಿ ತಿರುವಿದೇನು

ಕಳೆದ ವರ್ಷ ಬಸವ ಜಯಂತಿಯ ಮರುವಾರ ಬಸವಕಲ್ಯಾಣದ ಒಂದು ಸಭಾಭವನದಲ್ಲಿ ನನ್ನ ಮೈದುನನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ನೀರಿನಲ್ಲಿ ಕಾಣೆಯಾದವರನ್ನು ಹುಡುಕಲು ನೆರವಾಗುವ ಮೊಬೈಲ್ ಆ್ಯಪ್ ತಯಾರಿಸಿದ್ದಕ್ಕೆ ಆ ಸನ್ಮಾನ. ಆ್ಯಪ್‌ನೊಳಗಿನ ಲೆಕ್ಕ ನನ್ನ ಗಂಡನದು.

ನಾನು ಪತ್ರಕರ್ತರ ಸಾಲಿನಲ್ಲಿ ಕೂತಿದ್ದೆ. ಹುಮನಾಬಾದ್ ಮತ್ತು ಬಸವಕಲ್ಯಾಣದ ಸುದ್ದಿಯನ್ನು ಜಿಲ್ಲೆಯ ಪತ್ರಿಕೆಯೊಂದಕ್ಕೆ ಬರೆಯುವುದು ನನ್ನ ಕೆಲಸ. ಗಂಡ ಎರಡು ಸಾಲು ಹಿಂದೆ, ಫ್ಯಾನಿನ ಕೆಳಗೆ ಕೂತಿದ್ದರು. ಭಾಷಣದಲ್ಲಿ ಅಣ್ಣನ ಹೆಸರು ಬಂದೇ ಬರುತ್ತದೆ ಎಂದುಕೊಂಡು ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದರು.

ಮೈದುನ ಮೈಕ್ ಹಿಡಿದ.

"ನಮ್ಮ ಅಣ್ಣನ ಕಡಿ ಒಂದು ಡಬ್ಬಿ ಅದರಿ. ಏರ್‌ಫೋರ್ಸ್‌ದಾಗ ಇದ್ದಾಗಿಂದು. ಕ್ಯಾಲ್ಕ್ಯುಲೇಟರ್ ಅಂತಾನ ಅದಕ್ಕ. ಅದನ್ನ ನೋಡಿ ನೋಡಿ ನನಗ ತೆಲಿಗಿ ಬಂತು, ಈ ಜಮಾನಾದಾಗ ಹಿಂಗ ನಡ್ಯಂಗಿಲ್ಲ ಅಂತ. ನಾನೇ ಕುಂತು ಆ್ಯಪ್ ಮಾಡೀನಿ. ಡಬ್ಬಿ ಇನ್ನಾ ಮನ್ಯಾಗ ಅದರಿ. ಇಲ್ಲಿ ಕಿಲ್ಲಾದಾಗಿನ ಮ್ಯೂಸಿಯಂನವ್ರು ಕೇಳಿದ್ರ ಕೊಟ್ಟುಬಿಡ್ತೀವಿ. ಅಣ್ಣನ ಸಮೇತ."

ಸಭೆ ನಕ್ಕಿತು. ಮುಂದಿನ ಸಾಲಿನವರು ತಿರುಗಿ ನನ್ನ ಗಂಡನನ್ನು ನೋಡಿ ಇನ್ನೊಮ್ಮೆ ನಕ್ಕರು. ಗಂಡನೂ ನಕ್ಕರು. ಎಲ್ಲರೂ ನೋಡುತ್ತಿರುವಾಗ ಒಬ್ಬ ಮನುಷ್ಯನಿಗೆ ಬೇರೆ ಏನು ಮಾಡಲು ಸಾಧ್ಯ?

ಸುದ್ದಿ ನಾನೇ ಬರೆದೆ. ವರದಿಗಾರ್ತಿಯ ಗಂಡ ಸುದ್ದಿಯಲ್ಲ. ವೇದಿಕೆಯ ಮೇಲೆ ಹೇಳಿದ್ದು ಸುದ್ದಿ. ಆದ್ದರಿಂದ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ: "ನಾನೇ ಕುಳಿತು ತಯಾರಿಸಿದ್ದೇನೆ" ಎಂದು ಅವರು ಹೇಳಿದರು. ಆ ಉದ್ಧರಣ ಚಿಹ್ನೆಗಳು ನನ್ನ ಮೊದಲ ಏಟು. ಅದು ಯಾರಿಗೂ ತಗಲಲಿಲ್ಲ. ಮೈದುನ ಆ ಪುಟವನ್ನು ಕತ್ತರಿಸಿ, ಚೌಕಟ್ಟು ಹಾಕಿಸಿ, ತನ್ನ ಆಫೀಸಿನ ಗೋಡೆಗೆ ತೂಗುಹಾಕಿದ.

ಡಬ್ಬಿಯ ವಿಷಯ ಹೇಳಬೇಕು.

ನನ್ನ ಗಂಡ ವಾಯುಪಡೆಯ ಸಾಗಣೆ ವಿಮಾನಗಳಲ್ಲಿ ನ್ಯಾವಿಗೇಟರ್ ಆಗಿದ್ದರು. ವಿಮಾನ ಓಡಿಸುವವರು ಬೇರೆ. ಈಗ ಎಲ್ಲಿದ್ದೇವೆ, ಯಾವ ಕಡೆಗೆ ಹೋಗಬೇಕು ಎಂದು ಹೇಳುವವರು ಇವರು. ಉಪಗ್ರಹ ನೋಡಿ ದಾರಿ ಹೇಳುವ ಸಾಧನಗಳು ಬರುವ ಮೊದಲಿನ ಕಾಲ. ಅಂಗೈಗಿಂತ ಸ್ವಲ್ಪ ಉದ್ದದ ಒಂದು ಕ್ಯಾಲ್ಕ್ಯುಲೇಟರನ್ನು ವಿದೇಶಕ್ಕೆ ಹೋಗಿದ್ದ ಸಹೋದ್ಯೋಗಿಯಿಂದ ತರಿಸಿಕೊಂಡಿದ್ದರು. ಅದು ಕೂಡಿ ಕಳೆಯುವ ಯಂತ್ರ ಮಾತ್ರವಲ್ಲ. ಲೆಕ್ಕದ ಮೆಟ್ಟಿಲುಗಳನ್ನು ಒಂದೊಂದಾಗಿ ಒತ್ತಿ ಕಲಿಸಿದರೆ ನೆನಪಿಟ್ಟುಕೊಂಡು, ಆಮೇಲೆ ಎಷ್ಟು ಸಲ ಕೇಳಿದರೂ ತಾನೇ ಮಾಡುತ್ತಿತ್ತು. ಅವರು ಅದಕ್ಕೆ ಹುಡುಕಾಟದ ಲೆಕ್ಕ ಕಲಿಸಿದ್ದರು. ನೀರಿನಲ್ಲಿ ಮನುಷ್ಯ ಕೊನೆಗೆ ಕಂಡ ಜಾಗ, ಅಲ್ಲಿಂದ ಕಳೆದ ಹೊತ್ತು, ಗಾಳಿಯ ದಿಕ್ಕು ಮತ್ತು ವೇಗ, ಅವನು ಹಿಡಿದುಕೊಂಡಿರುವ ವಸ್ತು ಯಾವುದು — ಇಷ್ಟು ಒತ್ತಿದರೆ ಅವನು ಈಗ ತೇಲಿ ಎಲ್ಲಿಗೆ ಹೋಗಿರಬಹುದು ಎಂದು ಹೇಳುತ್ತಿತ್ತು. ಆ ಬಿಂದುವಿನ ಸುತ್ತ ಚೌಕವನ್ನು ಹಿಗ್ಗಿಸುತ್ತ ಹೇಗೆ ಹುಡುಕಬೇಕು ಎಂದೂ ಹೇಳುತ್ತಿತ್ತು. ಸಮುದ್ರದ ಮೇಲೆ ಹಾಗೆ ಹುಡುಕಿ ಕೆಲವರನ್ನು ಜೀವಂತ ತಂದಿದ್ದಾರೆ. ಎಷ್ಟು ಮಂದಿ ಎಂದು ಅವರು ಹೇಳುವುದಿಲ್ಲ, ನಾನು ಕೇಳಿಲ್ಲ.

ನಿವೃತ್ತಿಯಾಗಿ ಹುಮನಾಬಾದ್ ಪಕ್ಕದ ಮಾಣಿಕನಗರದ ಮನೆಗೆ ಬಂದ ಮೇಲೆ ಅವರು ಸಮುದ್ರವನ್ನು ಬಿಟ್ಟು ನಮ್ಮ ಕಡೆಯ ಜಲಾಶಯದ ಹಿನ್ನೀರನ್ನು ಹಿಡಿದರು. ರವಿವಾರ ನಾವಿಬ್ಬರೂ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಅವರು ನೀರಿಗೆ ಏನಾದರೂ ಬಿಡುವರು: ಮಡಕೆ, ಲಾರಿಯ ಟ್ಯೂಬು, ಮೀನುಗಾರರು ಕೂತು ಹೋಗುವ ಥರ್ಮಾಕೋಲ್ ಹಲಗೆ, ಹಳೆಯ ಚಪ್ಪಲಿ. ನಾನು ದಂಡೆಯಲ್ಲಿ ಗಡಿಯಾರ ಹಿಡಿದು ಕೂರುವೆ. ಯಾವ ವಸ್ತು ಯಾವ ಗಾಳಿಗೆ ಎಷ್ಟು ದೂರ ಹೋಯಿತು ಎಂಬುದು ಡಬ್ಬಿಯೊಳಗೆ ಸೇರುತ್ತಿತ್ತು. ಪುಸ್ತಕದಲ್ಲಿರುವುದು ಸಮುದ್ರದ ಅಂಕಿ; ನಮ್ಮ ಹಿನ್ನೀರಿನ ಅಂಕಿ ಎಲ್ಲೂ ಇರಲಿಲ್ಲ.

ಒಮ್ಮೆ ಎಮ್ಮೆ ಮೈತೊಳೆಯಲು ಬಂದಿದ್ದ ಒಬ್ಬಾತ ಬಹಳ ಹೊತ್ತು ನೋಡಿ ಕೇಳಿದ: "ಅಕ್ಕೋರ, ಏನ್ ಮಾಡಾಕತ್ತೀರಿ?"

"ಚಪ್ಪಲಿ ಬಿಡಾಕತ್ತೀವಪ್ಪ."

"ಒಂದೇ ಯಾಕ ಬಿಡ್ತೀರಿ? ಜೋಡಿ ಬಿಡ್ರಿ. ಆಚಿ ದಂಡಿಗಿ ನಮ್ಮಾವ ಇರ್ತಾನ, ಬರಿಗಾಲಾಗ ತಿರಗ್ತಾನ."

ಗಂಡ ಮುಂದಿನ ರವಿವಾರ ಜೋಡಿ ಬಿಟ್ಟರು. ಎರಡೂ ಬೇರೆ ಬೇರೆ ಜಾಗಕ್ಕೆ ಹೋದವು. ಆ ಮಾವನಿಗೆ ಒಂದು ಮಾತ್ರ ಸಿಕ್ಕಿತಂತೆ.

ಈ ಲೆಕ್ಕದಲ್ಲಿ ಒಂದು ವಿಷಯ ಡಬ್ಬಿಯ ಒಳಗೆ ಇರಲಿಲ್ಲ. ಗಾಳಿಯನ್ನು ನಾವು ಅದು ಬರುವ ದಿಕ್ಕಿನಿಂದ ಹೇಳುತ್ತೇವೆ. ಪಡುವಲ ಗಾಳಿ ಎಂದರೆ ಪಡುವಲದಿಂದ ಬರುವ ಗಾಳಿ. ನೀರಿನ ಹರಿವನ್ನು ಅದು ಹೋಗುವ ದಿಕ್ಕಿನಿಂದ ಹೇಳುತ್ತೇವೆ. ಆಗಿನ ಯಂತ್ರದಲ್ಲಿ ನೆನಪಿಡುವ ಜಾಗ ಕಡಿಮೆ. ಎರಡಕ್ಕೂ ಒಂದೇ ಖಾನೆ ಇಟ್ಟಿದ್ದರು, ಅದಕ್ಕೆ ಹೋಗುವ ದಿಕ್ಕನ್ನೇ ಕೊಡಬೇಕು. ಆದ್ದರಿಂದ ಗಾಳಿಯ ದಿಕ್ಕನ್ನು ಒತ್ತುವ ಮೊದಲು ತಲೆಯಲ್ಲೇ ತಿರುವಿಕೊಳ್ಳಬೇಕಿತ್ತು. ಪಡುವಲ ಅಂದರೆ ಮೂಡಲ ಎಂದು ಒತ್ತಬೇಕು. ವಿಮಾನದಲ್ಲಿ ಮರೆತರೆ ಗತಿಯಿಲ್ಲವೆಂದು ಇಬ್ಬರು ಸೇರಿ ಮಾಡುವ ರೂಢಿ. ಒಬ್ಬ ತಿರುವಿದೆಯಾ ಎಂದು ಕೇಳುವುದು, ಇನ್ನೊಬ್ಬ ತಿರುವಿದೆ ಎನ್ನುವುದು, ಆಮೇಲೆ ಒತ್ತುವುದು. ಹಿನ್ನೀರಿನ ದಂಡೆಯಲ್ಲಿ ಆ ಎರಡನೆಯವಳು ನಾನು.

"ಗಾಳಿ ತಿರುವಿದೇನು?"

"ತಿರುವೀನ್ರಿ."

ರೊಟ್ಟಿ ಮುರಿಯುತ್ತಲೇ ಹೇಳುತ್ತಿದ್ದೆ. ಅಷ್ಟು ಬಾಯಿಪಾಠವಾಗಿತ್ತು.

ಮೈದುನ ನನ್ನ ಗಂಡನಿಗಿಂತ ಬಹಳ ಚಿಕ್ಕವ. ಇವರೇ ಎತ್ತಿ ಆಡಿಸಿದ ತಮ್ಮ. ಬಸವಕಲ್ಯಾಣದಲ್ಲಿ ಡ್ರೋನ್ ಆಫೀಸು ಇಟ್ಟಿದ್ದ. ತೊಗರಿ ಹೊಲಗಳ ಮೇಲೆ ಔಷಧ ಸಿಂಪಡಿಸುವುದು, ಹೊಲ ಅಳೆಯುವುದು, ಮದುವೆಯ ವಿಡಿಯೊ. ಪೊಲೀಸರು ಒಂದೆರಡು ಸಲ ನನ್ನ ಗಂಡನನ್ನು ಹಿನ್ನೀರಿಗೆ ಕರೆಸಿಕೊಂಡದ್ದನ್ನು ಕೇಳಿ, ದಸರೆಗೆ ಮಾತ್ರ ಬರುತ್ತಿದ್ದವನು ನಮ್ಮ ಮನೆಗೆ ಪದೇ ಪದೇ ಬರತೊಡಗಿದ. ನನ್ನ ಕೈಯ ಊಟ ಮಾಡಿದ. ಗಂಡ ಡಬ್ಬಿಯ ಗುಂಡಿ ಒತ್ತಿ ಒಂದೊಂದೇ ಮೆಟ್ಟಿಲು ಓದಿ ಹೇಳಿದರು; ಅವನು ಮೊಬೈಲಿನಲ್ಲಿ ಇಳಿಸಿಕೊಂಡ. ನಮ್ಮ ರವಿವಾರಗಳ ಅಂಕಿಗಳನ್ನೂ ಇಳಿಸಿಕೊಂಡ. ಕೊನೆಯ ಮೆಟ್ಟಿಲು ಮುಗಿದ ಕೂಡಲೆ ಎದ್ದ.

"ತಡಿ ತಮ್ಮಾ, ಇನ್ನೊಂದು ಮಾತದ," ಎಂದರು ಗಂಡ.

"ಆಮ್ಯಾಲ ಅಣ್ಣಾ. ಗಿರಾಕಿ ಕುಂತಾರ."

ಆಮೇಲೆ ಬರಲಿಲ್ಲ. ಬಂದದ್ದು ಸನ್ಮಾನದ ಆಮಂತ್ರಣ ಪತ್ರಿಕೆ.

ಸನ್ಮಾನ ಮುಗಿಸಿ ಹುಮನಾಬಾದಿಗೆ ಮರಳುವ ಬಸ್ಸಿನಲ್ಲಿ ಗಂಡ ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ಗಾಳಿ ತಿರುವೋದು ಅವನಿಗಿ ಗೊತ್ತಿಲ್ಲ. ಕೇಳೇ ಇಲ್ಲ."

"ಹೇಳಬ್ಯಾಡ್ರಿ."

"ಕೇಳಿದ್ರ?"

"ಕೇಳಿದ್ರ ಹೇಳ್ರಿ. ಕೇಳೋ ಮನಷಾ ಅಲ್ಲ ಅವ."

ಅವರು ಕಿಟಕಿಯ ಗಾಜು ಎಳೆದು ಮುಚ್ಚಿದರು. ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡೆ.

ಮಳೆಗಾಲದ ಕೊನೆಗೆ ಅಧಿಕಾರಿಗಳ ಎದುರು ಆ್ಯಪ್‌ನ ಪ್ರಾತ್ಯಕ್ಷಿಕೆ ಇಟ್ಟಿದ್ದರು. ಹುಲ್ಲಿನ ಗೊಂಬೆಗೆ ಅಂಗಿ ತೊಡಿಸಿ ಹಿನ್ನೀರಿಗೆ ಬಿಡುವುದು, ಮೈದುನನ ಆ್ಯಪ್ ಹೇಳಿದ ಕಡೆಗೆ ದೋಣಿ ಹೋಗಿ ಅದನ್ನು ತರುವುದು. ಗೊಂಬೆ ಒಂದು ದಂಡೆಗೆ ಹೋಗುತ್ತದೆ, ದೋಣಿ ಎದುರಿನ ದಂಡೆಗೆ. ಯಾರ ಜೀವಕ್ಕೂ ಕೇಡಿಲ್ಲ. ಜಿಲ್ಲೆಯ ಎಲ್ಲ ಕ್ಯಾಮೆರಾಗಳೂ ಇರುತ್ತವೆ. ಮಳೆಗಾಲದ ಗಾಳಿ ಪಡುವಲದ್ದೇ; ನಾನು ತಲೆಬರಹವನ್ನು ಮೊದಲೇ ಬರೆದಿಟ್ಟುಕೊಂಡೆ: ಗೊಂಬೆ ಮೂಡಲಕ್ಕೆ, ದೋಣಿ ಪಡುವಲಕ್ಕೆ. ಮೂವತ್ತು ವರ್ಷದ ವೃತ್ತಿಯಲ್ಲಿ ಘಟನೆಗಿಂತ ಮೊದಲು ನಾನು ಬರೆದ ತಲೆಬರಹ ಅದೊಂದೇ. ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ ಅದನ್ನು ಬಾಯಲ್ಲಿ ಹೊರಳಿಸುತ್ತಿದ್ದೆ. ಬೆಲ್ಲದ ಚೂರಿನ ಹಾಗೆ ಕರಗುತ್ತಿತ್ತು.

ಗೊಂಬೆಗಿಂತ ಮೊದಲು ಮನುಷ್ಯ ಹೋದ.

ಶ್ರಾವಣದ ಒಂದು ಸೋಮವಾರ ಸಂಜೆ, ಹತ್ತಿರದ ಕೊಹಿನೂರ ಗ್ರಾಮದ ರೈತ ಮನೆತನದ ಯುವಕನೊಬ್ಬ ಬಲೆ ತೆಗೆಯಲು ಥರ್ಮಾಕೋಲ್ ಹಲಗೆಯ ಮೇಲೆ ಹಿನ್ನೀರಿಗೆ ಹೋದ. ಗಾಳಿಮಳೆ ಎದ್ದಿತು. ದಂಡೆಯಲ್ಲಿದ್ದ ಗೆಳೆಯನಿಗೆ ಸ್ವಲ್ಪ ಹೊತ್ತು ಅವನ ಕೆಂಪು ಬನಿಯನ್ ಕಾಣಿಸಿತು, ಆಮೇಲೆ ಇಲ್ಲ. ಮಂಗಳವಾರ ಬೆಳಿಗ್ಗೆ ಸುದ್ದಿ ಕೇಳಲು ನಾನು ಬಸವಕಲ್ಯಾಣಕ್ಕೆ ಫೋನ್ ಮಾಡಿದಾಗ ಪೊಲೀಸ್ ಪೇದೆ ಹೇಳಿದ: "ಫಿಕರ್ ಇಲ್ರಿ ಮೇಡಂ. ನಿಮ್ಮ ಮೈದುನರೇ ಬಂದಾರ. ಆ್ಯಪ್ ಹಚ್ಚ್ಯಾರ. ಮೋಟಾರ್ ದೋಣಿ ಪಡುವಲ ದಂಡಿಗಿ ಹೊಂಟದ."

"ನಿನ್ನಿ ಗಾಳಿ ಯಾವ ಕಡಿದಿತ್ತು?"

"ಪಡುವಲದ್ದೇ ರಿ. ಈಗೂ ಅದೇ ಬೀಸಾಕತ್ತದ."

ಗಂಡ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ನಾನು ಹೇಳಿ ಮುಗಿಸುವ ಮೊದಲೇ ಬಟ್ಟಲು ಕೆಳಗಿಟ್ಟು ತಮ್ಮನಿಗೆ ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ.

ನನ್ನ ಫೋನಿನಿಂದ ಮಾಡಿದೆ. ಕೂಡಲೇ ಎತ್ತಿದ.

"ಹಾಂ ವೈನಿ, ಹೇಳಿಕಿ ಬೇಕೇನ್ರಿ? ಬರಕೋರಿ, ಆಧುನಿಕ ತಂತ್ರಜ್ಞಾನದ ಮೂಲಕ—"

ಗಂಡ ಫೋನ್ ಕಸಿದುಕೊಂಡರು. "ತಮ್ಮಾ, ಗಾಳಿ ತಿರುವಿದೇನು?"

ಆ ಕಡೆ ನಗು. "ಅಣ್ಣಾ, ಇಲ್ಲಿ ಸಾಹೇಬ್ರು ಅದಾರ. ನಿನ್ನ ಡಬ್ಬಿ ಪುರಾಣ ಸಂಜಿಕಿ ಕೇಳ್ತೀನಿ." ಫೋನ್ ಇಟ್ಟ.

ಪಕ್ಕದ ಮನೆಯವರ ಕಾರಿನಲ್ಲಿ ಹೊರಟೆವು. ಗಂಡ ಡಬ್ಬಿಯನ್ನು ಅಂಗಿಯೊಳಗೆ, ಎದೆಗೆ ಒತ್ತಿ ಹಿಡಿದಿದ್ದರು; ಥಂಡಿಗೆ ಅದರ ಸೆಲ್ ಕೈಕೊಡುತ್ತದೆಂದು. ದಾರಿಯಲ್ಲಿ ನನ್ನ ಮನಸ್ಸಿನಲ್ಲಿದ್ದದ್ದು ಆ ಯುವಕ ಒಬ್ಬನೇ ಎಂದು ಬರೆದರೆ ಅದು ಸುಳ್ಳು ವರದಿ. ನನ್ನ ತಲೆಬರಹವೂ ಇತ್ತು.

ದಂಡೆಯಲ್ಲಿ ಜನ ಸೇರಿದ್ದರು. ಜಿಟಿಜಿಟಿ ಮಳೆ. ತಹಶೀಲ್ದಾರರು ಕೊಡೆಯ ಕೆಳಗಿದ್ದರು. ಮೈಸೂರು ಕಡೆಯವರು, ಬಂದು ಹೆಚ್ಚು ದಿನವಾಗಿರಲಿಲ್ಲ. ಯುವಕನ ತಾಯಿ ಹಸಿ ನೆಲದ ಮೇಲೆ ಕೂತಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಮೈದುನ ಮೊಬೈಲಿನ ನಕ್ಷೆಯಲ್ಲಿ ಕೆಂಪು ವೃತ್ತ ತೋರಿಸುತ್ತಿದ್ದ. ವೃತ್ತ ಪಡುವಲ ದಂಡೆಯಲ್ಲಿತ್ತು. ದೋಣಿಯೂ ಅಲ್ಲೇ ಸುತ್ತುತ್ತಿತ್ತು, ಡ್ರೋನ್ ಅದರ ಮೇಲೆ.

"ಗಾಳಿ ಆ ಕಡೆಗೆ ಬೀಸ್ತಾ ಇದೆಯಲ್ಲಪ್ಪ," ತಹಶೀಲ್ದಾರರು ಮೂಡಲಕ್ಕೆ ಕೈ ತೋರಿಸಿ ಹೇಳುತ್ತಿದ್ದರು. "ನಾವು ಈ ಕಡೆ ಯಾಕೆ ಹುಡುಕ್ತಾ ಇದೀವಿ?"

"ಮ್ಯಾಲಿನ ಗಾಳಿ ಬ್ಯಾರೆ, ತಳದ ನೀರು ಬ್ಯಾರೆ ರಿ ಸಾಹೇಬ್ರ. ನಮ್ಮ ಕಣ್ಣಿಗಿ ಕಾಣಂಗಿಲ್ಲ ಅದು. ಆ್ಯಪ್ ಬರೋಬ್ಬರಿ ಲೆಕ್ಕ ಹಾಕೇದ."

ನನ್ನ ಗಂಡನನ್ನು ಕಂಡು ಅವನ ಮುಖ ಬಿಗಿಯಿತು. "ಅಣ್ಣಾ, ನೀ ಯಾಕ ಬಂದಿ ಮಳ್ಯಾಗ? ಡಬ್ಬಿನೂ ತಂದೇನು?"

ಗಂಡ ತಹಶೀಲ್ದಾರರಿಗೆ ನಮಸ್ಕಾರ ಮಾಡಿ, ತಾನು ಯಾರೆಂದು, ಆ್ಯಪ್‌ನ ಲೆಕ್ಕ ಈ ಡಬ್ಬಿಯದೇ ಎಂದು ಹೇಳಿ, ದೋಣಿಯನ್ನು ಮೂಡಲದ ಕೊಳ್ಳಕ್ಕೆ ಕಳಿಸಬೇಕು ಎಂದರು. ತಹಶೀಲ್ದಾರರು ಅಣ್ಣನನ್ನೂ ತಮ್ಮನನ್ನೂ ನೋಡಿದರು. ಇದ್ದದ್ದು ಒಂದೇ ಮೋಟಾರ್ ದೋಣಿ.

"ಇಬ್ಬರೂ ಒಂದೇ ಲೆಕ್ಕ ಅಂತೀರಿ, ಎರಡು ಕಡೆ ತೋರಿಸ್ತೀರಿ. ನಾನು ಯಾರ ಮಾತು ಕೇಳಲಿ?"

ತಾಯಿ ಸೆರಗು ತೆಗೆದು ಹೇಳಿದಳು: "ಯಪ್ಪಾ, ಡಬ್ಬಿರ ಇರ್ಲಿ, ಮೊಬೈಲರ ಇರ್ಲಿ. ನನ ಮಗಾ ಎಲ್ಲಿ ಅದಾನ ಅಷ್ಟು ಹೇಳ್ರಿ."

ಗಂಡ ದಂಡೆಯಲ್ಲಿ ಬಿದ್ದಿದ್ದ ಥರ್ಮಾಕೋಲ್ ಹಲಗೆಯೊಂದನ್ನು ಎಳೆದು ನೀರಿನ ಅಂಚಿಗೆ ತಂದರು. ಆ ಯುವಕ ಹೋದದ್ದು ಅಂಥದ್ದರ ಮೇಲೆಯೇ.

"ಇದನ್ನ ಬಿಡ್ತೀನಿ. ಎಲ್ಲಿಗಿ ಹೋಗ್ತದ ಅಂತ ನಿನ್ನ ಆ್ಯಪ್ ಕೇಳು."

"ಅಣ್ಣಾ, ಇದು ಆಟದ ಟೈಮ್ ಅಲ್ಲ."

"ಕೇಳಪ್ಪ," ಎಂದರು ತಹಶೀಲ್ದಾರರು. "ಒಂದು ನಿಮಿಷದ ಕೆಲಸ."

ಮೈದುನ ಒತ್ತಿದ. ಪಡುವಲ ಗಾಳಿ, ವೇಗ, ಥರ್ಮಾಕೋಲ್. ತಹಶೀಲ್ದಾರರು ಬಗ್ಗಿ ಪರದೆಯನ್ನು ಓದಿದರು. "ಪಶ್ಚಿಮಕ್ಕೆ ಹೋಗುತ್ತೆ ಅಂತಿದೆ."

ಗಂಡ ಹಲಗೆಯನ್ನು ನೂಕಿದರು. ಅದು ಒಮ್ಮೆ ಸುತ್ತು ತಿರುಗಿತು. ಆಮೇಲೆ ಮೂಡಲಕ್ಕೆ ಹೊರಟಿತು, ಅವಸರವಿಲ್ಲದೆ, ಎಲ್ಲರೂ ನೋಡುವ ಹಾಗೆ.

ನಾನು ಸಭಾಭವನದ ಆ ನಗುವಿಗಾಗಿ ಕಾದೆ. ಯಾರೂ ನಗಲಿಲ್ಲ. ತಾಯಿ ಮಾತ್ರ ಎದ್ದು ನಿಂತು ಕೈಚಾಚಿದಳು. "ಅಕಾ, ಆ ಕಡಿ ಹೊಂಟದ. ಆ ಕಡಿ ಹೋಗ್ರೋ ಯಪ್ಪಾ."

ನಾನು ಮೈದುನನ ಮುಖದ ಫೋಟೊ ತೆಗೆದೆ. ಸುದ್ದಿಗೆ ಬೇಕಾದ ಫೋಟೊ ಅದಾಗಿರಲಿಲ್ಲ. ಈಗಲೂ ನನ್ನ ಹತ್ತಿರವಿದೆ.

ತಹಶೀಲ್ದಾರರು ದೋಣಿಯನ್ನು ಹಿಂದಕ್ಕೆ ಕರೆಯಲು ಹೇಳಿದರು. ಅದು ಬರುವಷ್ಟರಲ್ಲಿ ಗಂಡ ಡಬ್ಬಿಯನ್ನು ಕೊಡೆಯ ಕೆಳಗೆ ಹಿಡಿದು ಲೆಕ್ಕಕ್ಕೆ ಕೂತರು. ಯುವಕನ ಗೆಳೆಯನನ್ನು ಕರೆದು ಕೊನೆಗೆ ಕಂಡದ್ದು ಎಲ್ಲಿ, ಯಾವ ಹೊತ್ತಿಗೆ ಎಂದು ಕೇಳಿಕೊಂಡರು. ಆಮೇಲೆ ತಲೆ ಎತ್ತದೆ ನನ್ನನ್ನು ಕೇಳಿದರು:

"ಗಾಳಿ ತಿರುವಿದೇನು?"

"ತಿರುವೀನ್ರಿ."

ಮೈದುನ ಅಣ್ಣನ ಪಕ್ಕಕ್ಕೆ ಬಂದು ಬಗ್ಗಿ ಪಿಸುದನಿಯಲ್ಲಿ ಹೇಳಿದ: "ಅಣ್ಣಾ, ತಿರುವೋದು ಅಂದ್ರ ಏನು? ನನಗರ ಹೇಳು."

"ಜೋರಾಗಿ ಕೇಳು," ಎಂದರು ಗಂಡ, ಗುಂಡಿ ಒತ್ತುತ್ತಲೇ. "ಸಾಹೇಬ್ರಿಗಿ ಕೇಳ್ಸಂಗ ಕೇಳು."

ಮದುವೆಯಾದ ಮೇಲೆ ಅವರ ಬಾಯಲ್ಲಿ ಆ ಧ್ವನಿಯನ್ನು ನಾನು ಕೇಳಿರಲಿಲ್ಲ. ಮೈದುನ ಸುತ್ತ ನೋಡಿದ. ಪೊಲೀಸರು, ಊರವರು, ಇನ್ನಿಬ್ಬರು ವರದಿಗಾರರು, ನಾನು.

"ಅಣ್ಣಾ, ನಿನ್ನ ಲೆಕ್ಕದಾಗ ನನಗ ಏನ್ ತಿಳಿದಿಲ್ಲ?"

ನಿನ್ನ ಲೆಕ್ಕ ಎಂದ. ನಾನು ಬರೆದುಕೊಂಡೆ.

ಗಂಡ ಹೇಳಿದರು. ಎರಡು ವಾಕ್ಯ. ಅಷ್ಟರಲ್ಲಿ ದೋಣಿ ಬಂತು. ಅದರಲ್ಲಿ ಗಂಡನೂ ಹತ್ತಿದರು.

ಮೂಡಲದ ಕೊಳ್ಳದಲ್ಲಿ, ನೀರು ನಿಂತಾಗ ಮುಳುಗಿದ ಜಾಲಿ ಮರಗಳು ಇನ್ನೂ ತಲೆ ಎತ್ತಿಕೊಂಡಿವೆ. ಚೌಕದ ಎರಡನೇ ಸುತ್ತಿನಲ್ಲಿ ಕೆಂಪು ಬನಿಯನ್ ಕಾಣಿಸಿತು. ಯುವಕ ಒಂದು ಮರವನ್ನು ತಬ್ಬಿಕೊಂಡಿದ್ದ. ಅವನದೇ ಬಲೆ ಕಾಲಿಗೂ ಕೊಂಬೆಗೂ ಸುತ್ತಿಕೊಂಡು ಬಿಗಿದಿತ್ತು; ಹಲಗೆ ಒಡೆದು ಹೋಗಿತ್ತು. ಕೂಗಿ ಕೂಗಿ ದನಿ ಬಿದ್ದಿತ್ತು. ಜೀವ ಇತ್ತು. ನೈಲಾನ್ ದಾರ ಕೊಯ್ದಿದ್ದ ಎಡಗಾಲಿನ ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆದರು. ಬೆಳಿಗ್ಗೆಯೇ ದೋಣಿ ಮೂಡಲಕ್ಕೆ ಹೋಗಿದ್ದರೆ ಬೆರಳು ಉಳಿಯುತ್ತಿದ್ದವೇ ಎಂದು ನಾನು ವೈದ್ಯರನ್ನು ಕೇಳಿದೆ. ಹೇಳಲಾಗದು ಎಂದರು. ಅದನ್ನೂ ಬರೆದೆ.

ಸುದ್ದಿ ಕಳಿಸುವ ಮೊದಲು, ಆರೋಪ ಬಂದವರ ಹೇಳಿಕೆ ಕೇಳಬೇಕು, ಅದು ನಿಯಮ. ಮೈದುನನಿಗೆ ಫೋನ್ ಮಾಡಿದೆ.

"ವೈನಿ, ಇದನ್ನ ಬರೀಬ್ಯಾಡ್ರಿ," ಎಂದ. "ಪೋರಾ ಸಿಕ್ಕಾನಲ್ಲ. ಇದು ಮನೀ ಮಾತು."

"ಮೈಕ್ ಹಿಡದು ಅಣ್ಣನ್ನ ಮ್ಯೂಸಿಯಂಗ ಕೊಡ್ತೀನಿ ಅಂದದ್ದು ಯಾರ ಮನೀ ಮಾತಪ್ಪ?"

"ನಗಸಾಕ ಅಂದಿದ್ದೆ ರಿ."

"ಮಂದಿ ನಕ್ಕರಲ್ಲ. ಈಗ ನಿನ್ನ ಹೇಳಿಕಿ ಹೇಳು."

"ಬರಕೋರಿ. ಅಣ್ಣ ಕೊಟ್ಟ ಲೆಕ್ಕ ಅರ್ಧಾ ಇತ್ತು."

ಹಾಗೆಯೇ ಬರೆದೆ, ಉದ್ಧರಣ ಚಿಹ್ನೆಯೊಳಗೆ. ಅದರ ಕೆಳಗೆ, ಹಿಂದಿನ ಸನ್ಮಾನದಲ್ಲಿ ಇವರೇ "ನಾನೇ ಕುಳಿತು ತಯಾರಿಸಿದ್ದೇನೆ" ಎಂದಿದ್ದರು ಎಂಬ ಒಂದು ಸಾಲು. ಒಂದು ವಿಶೇಷಣವನ್ನೂ ಸೇರಿಸಲಿಲ್ಲ. ಡೆಸ್ಕಿನವರು ಒಂದು ಅಕ್ಷರವನ್ನೂ ಕತ್ತರಿಸಲಿಲ್ಲ. ತಲೆಬರಹ ಮಾತ್ರ ನಾನು ಬರೆದಿಟ್ಟಿದ್ದೇ, ಗೊಂಬೆಯ ಜಾಗದಲ್ಲಿ ಯುವಕ.

ಪ್ರಾತ್ಯಕ್ಷಿಕೆ ರದ್ದಾಯಿತು. ಹುಲ್ಲಿನ ಗೊಂಬೆ ಅವನ ಆಫೀಸಿನ ಹಿಂದೆ ಮಳೆಯಲ್ಲಿ ನೆನೆಯುತ್ತ ಬಿದ್ದಿದೆ ಎಂದು ಯಾರೋ ಹೇಳಿದರು. ನಾನು ನೋಡಲು ಹೋದೆ. ನಿಜವಿತ್ತು. ಗೋಡೆಯ ಚೌಕಟ್ಟೂ ಇಳಿದಿತ್ತು. ಅಂದು ಮರಳುವಾಗ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಮನೆಗೆ ಹೋದೆ.

"ಏನ್ ವಿಶೇಷ ಇವತ್ತ?" ಎಂದರು ಗಂಡ.

"ಏನಿಲ್ರಿ. ತಿನ್ರಿ."

ಡಬ್ಬಿಯ ಸೆಲ್ ವಿಷಯ ಇನ್ನು. ಅದಕ್ಕೆ ಹಾಕುವುದು ಗಿಡ್ಡ ಸೆಲ್, ನಾಲ್ಕು. ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವುದಿಲ್ಲ. ಮೊದಲು ಲೆಕ್ಕವನ್ನು ಕಾಂತದ ಸಣ್ಣ ಪಟ್ಟಿಗಳ ಮೇಲೆ ಇಳಿಸಿಡಬಹುದಿತ್ತು. ಆ ಪಟ್ಟಿಯನ್ನು ಒಳಗೆ ಎಳೆಯುವ ರಬ್ಬರ್ ಉರುಳೆ ಎಷ್ಟೋ ವರ್ಷಗಳ ಹಿಂದೆ ಕರಗಿ ಹಳೆ ಬೆಲ್ಲದಂತೆ ಅಂಟಂಟಾಗಿ ಹೋಯಿತು. ಅಂದಿನಿಂದ ಲೆಕ್ಕ ಉಳಿದದ್ದು ಡಬ್ಬಿಯ ನೆನಪಿನಲ್ಲಿ ಮಾತ್ರ. ಆ ನೆನಪು ಉಳಿಯುವುದು ಸೆಲ್ ಇರುವ ತನಕ. ಹಳೆಯದನ್ನು ತೆಗೆದು ಸ್ವಲ್ಪ ಹೊತ್ತಿನೊಳಗೆ ಹೊಸದನ್ನು ಹಾಕಿಬಿಡಬೇಕು.

ಅದಕ್ಕೆ ನಮ್ಮ ಮನೆಯಲ್ಲಿ ದಿನ ಗೊತ್ತಿತ್ತು: ದಸರೆಯ ಖಂಡೆ ಪೂಜೆ. ಮಂದಿ ಕುಡುಗೋಲು, ಟ್ರ್ಯಾಕ್ಟರುಗಳಿಗೆ ಕುಂಕುಮ ಹಚ್ಚುವ ಹೊತ್ತಿಗೆ ನಾವು ಡಬ್ಬಿಗೆ ಹಚ್ಚುತ್ತಿದ್ದೆವು. ಸೆಲ್‌ಗಳನ್ನು ಹೈದರಾಬಾದಿನಿಂದ ತರುವವನು ಮೈದುನ. ಅಣ್ಣನ ಬೆರಳು ನಡುಗುತ್ತವೆಂದು ಹಾಕುವವನೂ ಅವನೇ. ಹಾಕಿ, ಅಣ್ಣನ ಕಾಲಿಗೆ ಬಿದ್ದು, ಮರುದಿನ ಬನ್ನಿ ಕೊಟ್ಟು ಹೋಗುತ್ತಿದ್ದ.

ಕಳೆದ ದಸರೆಗೆ ಅವನು ಬರಲಿಲ್ಲ. ಸೆಲ್ಲೂ ಬರಲಿಲ್ಲ. ಡಬ್ಬಿಯ ಪರದೆಯಲ್ಲಿ ಸೆಲ್ ಮುಗಿಯುತ್ತಿರುವ ಗುರುತು ಆಗಲೇ ಹತ್ತಿತ್ತು. ನಾನು ಆನ್‌ಲೈನಿನಲ್ಲಿ ತರಿಸಿದೆ. ಖಂಡೆ ಪೂಜೆಯ ದಿನ ಬಂದವು. ಗಂಡ ಹಳೆಯವನ್ನು ತೆಗೆದರು, ನಾನು ಹೊಸವನ್ನು ಹಾಕಿದೆ. ಮುಚ್ಚಳ ಮುಚ್ಚಿ ಒತ್ತಿದರು. ಪರದೆ ಖಾಲಿ. ಮುಚ್ಚಳ ತೆಗೆದು ನೋಡಿದರು. ಒಂದು ಸೆಲ್ ತಿರುಗುಮುರುಗಾಗಿತ್ತು. ಅವರ ಬೆರಳು ನಡುಗಿದವು, ಸೆಲ್ ಜಾರಿ ಮಂಚದ ಕೆಳಗೆ ಹೋಯಿತು. ಹುಡುಕಿ ತೆಗೆದು ಸರಿಯಾಗಿ ಹಾಕಿದಾಗ ಪರದೆ ಹತ್ತಿತು. ನೆನಪು ಕಳೆದುಹೋಗಿದೆ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಎರಡು ಪದಗಳಿದ್ದವು.

ಗಂಡ ಡಬ್ಬಿಯನ್ನು ಪೂಜೆಯ ಮಣೆಯ ಮೇಲೆ ಇಟ್ಟು ಕುಂಕುಮ ಹಚ್ಚಿದರು. "ಊಟಕ್ಕ ಹಾಕು," ಎಂದರು.

ಮೆಟ್ಟಿಲುಗಳನ್ನು ಅವರು ನೆನಪಿನಿಂದ ಮತ್ತೆ ಕಲಿಸುತ್ತಿದ್ದಾರೆ. ವಿಮಾನದ ಭಾಗ ಬಹುಪಾಲು ಬಂದಿದೆ. ಹಿನ್ನೀರಿನ ಅಂಕಿಗಳು ಬರುವುದಿಲ್ಲ. ಅವನ್ನು ಯಾರೂ ಕಾಗದದಲ್ಲಿ ಬರೆದಿಟ್ಟಿರಲಿಲ್ಲ, ನೆನಪಿಟ್ಟುಕೊಂಡೂ ಇರಲಿಲ್ಲ, ಡಬ್ಬಿಯನ್ನು ಬಿಟ್ಟು. ಈಗ ಅವು ಇರುವುದು ಒಂದೇ ಕಡೆ, ಮೈದುನನ ಮೊಬೈಲಿನಲ್ಲಿ. ಇನ್ನೊಮ್ಮೆ ರವಿವಾರಗಳನ್ನು ಹಿನ್ನೀರಿನ ದಂಡೆಯಲ್ಲಿ ಕಳೆಯಲು ಅವರ ಮೊಣಕಾಲು ಒಪ್ಪುವುದಿಲ್ಲ.

ಡಬ್ಬಿ ರಿಪೇರಿಯಾಗುತ್ತದೆಯೇ ಎಂದು ನಾನು ಬಸವಕಲ್ಯಾಣದ ಒಂದು ಅಂಗಡಿಯಲ್ಲಿ ವಿಚಾರಿಸಿದ್ದೆ. ಅಂಗಡಿಯವನು ಮೈದುನನ ಗೆಳೆಯ. ಮೂರನೇ ದಿನ ಗಂಡನ ಮೊಬೈಲಿಗೆ ತಮ್ಮನ ಸಂದೇಶ ಬಂತು.

"ಅಣ್ಣಾ, ಎಲ್ಲಾ ಅಂಕಿ ನನ್ನ ಕಡಿ ಅವ. ಗಾಳಿ ತಿರುವೋದೂ ಸೇರಿಸೀನಿ. ಕೇಳಿದ್ರ ಕೊಡ್ತೀನಿ. ಎಲ್ಲಾರಿಗಿ ಕೇಳ್ಸಂಗ ಕೇಳಬೇಕು."

ಗಂಡ ಓದಿ ಫೋನನ್ನು ನನ್ನ ಕೈಗೆ ಕೊಟ್ಟರು. "ಏನ್ ಬರೀಲಿ?"

"ಏನೂ ಬರೀಬ್ಯಾಡ್ರಿ," ಎಂದೆ.

ಯುವಕ ಯುಗಾದಿಯ ನಂತರ ಮತ್ತೆ ಬಲೆಗೆ ಹೋಗತೊಡಗಿದ್ದಾನೆ. ಈ ಮಳೆಗಾಲಕ್ಕೆ ತಾಲ್ಲೂಕು ಆಡಳಿತದಿಂದ ಹಿನ್ನೀರಿನ ಹುಡುಕಾಟಕ್ಕೆ ಯಾರನ್ನೂ ಗೊತ್ತುಮಾಡಿಲ್ಲ. ಸಂದೇಶವನ್ನು ಓದಲಾಗಿದೆ ಎಂಬ ನೀಲಿ ಗುರುತು ಮೈದುನನಿಗೆ ಕಾಣಿಸುತ್ತದೆ. ಉತ್ತರ ಇದುವರೆಗೆ ಹೋಗಿಲ್ಲ.